ಎರಡು ನದಿಗಳ ನಡುವಣ ನಾಡು

(ಬಾನುಲಿ ಭಾಷಣ)

ನಾನು ಹುಟ್ಟಿ ಬೆಳೆದದ್ದು ವರದಾ ನದಿಯ ದಂಡೆಯ ಒಂದು ಚಿಕ್ಕ ಊರಿನಲ್ಲಿ. ನಮ್ಮ ಅಜ್ಜಿ ಬೆಳಗಿನ ಜಾವದಲ್ಲೇ ಎದ್ದು ಹೊಳೆಗೆ ಹೋಗುವಳು. ಮೊಣಕಾಲುದ್ದ ನೀರಿನಲ್ಲಿ ನಿಂತು, ತಂಬಿಗೆಯಿಂದ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತ, ಏಳು ನದಿಗಳ ಹೆಸರುಗಳನ್ನು ಒಂದೊಂದಾಗಿ ಹೇಳುವಳು. ಗಂಗೆಯಿಂದ ಮೊದಲಾಗಿ ಕಾವೇರಿಯಲ್ಲಿ ಮುಗಿಯುವ ಆ ಪಟ್ಟಿ ನಿಮ್ಮಲ್ಲಿ ಬಹಳ ಮಂದಿಗೆ ಬಾಯಿಪಾಠವಿದ್ದೀತು. ಆ ಏಳರಲ್ಲಿ ಒಂದನ್ನಾದರೂ ಅವಳು ಕಣ್ಣಾರೆ ಕಂಡವಳಲ್ಲ. ಒಂದು ದಿನ ನಾನು ದಡದಲ್ಲಿ ಕುಳಿತು ಕೇಳಿದೆ: "ಅಜ್ಜೀ, ನಮ್ಮ ಹೊಳಿ ಹೆಸರು ಯಾಕ ಹೇಳೂದಿಲ್ಲ ನೀನು?" ಅವಳು ಸೆರಗಿನಿಂದ ಮುಖ ಒರಸಿಕೊಳ್ಳುತ್ತ ಹೇಳಿದಳು: "ಮಗ್ಗಲಾಗ ಇದ್ದಾಕಿನ್ನ ಯಾರರೆ ಹೆಸರು ಹಿಡಿದು ಕರೀತಾರೇನೋ ತಮ್ಮಾ? ದೂರ ಇದ್ದವರನ್ನ ಕರೀಬೇಕು."

ಆಗ ಇದು ಮಗುವನ್ನು ಸುಮ್ಮನಾಗಿಸುವ ಮಾತೆಂದೇ ನನಗೆ ತೋರಿತು. ಮುಂದೆ ಇತಿಹಾಸ ಕಲಿಸುವುದೇ ನನ್ನ ಕಸುಬಾದಾಗ, ಪಾಠ ಹೇಳುತ್ತ ಹೇಳುತ್ತ, ಆ ಮಾತಿನಲ್ಲಿ ಕನ್ನಡನಾಡಿನ ನದಿಗಳ ಚರಿತ್ರೆಯ ಬಹುಪಾಲು ಅಡಗಿದೆಯೆಂದು ಹೊಳೆಯಿತು. ದೂರದ ನದಿಯನ್ನು ನಾವು ಹೆಸರಿನಿಂದ ಬಲ್ಲೆವು. ಹತ್ತಿರದ ನದಿಯನ್ನು ಬಳಕೆಯಿಂದ ಬಲ್ಲೆವು. ಒಂದು ಭಕ್ತಿ, ಇನ್ನೊಂದು ಒಡನಾಟ. ಈ ಎರಡೂ ಕೂಡಿ ಈ ನಾಡಿಗೆ ಆಕಾರ ಕೊಟ್ಟವು. ಇಂದು ನಾನು ಹೇಳಬೇಕೆಂದಿರುವುದು ಅದನ್ನೇ.

ಮೊದಲು ನೆಲದ ಲಕ್ಷಣವನ್ನು ನೋಡೋಣ. ಕರ್ನಾಟಕದ ಪಶ್ಚಿಮದಲ್ಲಿ ಉದ್ದಕ್ಕೂ ಸಹ್ಯಾದ್ರಿಯ ಗೋಡೆ ನಿಂತಿದೆ. ಮುಂಗಾರಿನ ಮೋಡಗಳು ಆ ಗೋಡೆಗೆ ಬಡಿದು ಅಲ್ಲಿಯೇ ತಮ್ಮ ಭಾರವನ್ನು ಇಳಿಸುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಚಳ್ಳಕೆರೆಯ ಕಡೆಗೆ ಬರುವ ಹೊತ್ತಿಗೆ ಅದು 500ರ ಆಸುಪಾಸಿಗೆ ಇಳಿದಿರುತ್ತದೆ. ಮಳೆ ಹೆಚ್ಚಾಗಿ ಬೀಳುವ ಕಡೆ ಬಯಲಿಲ್ಲ. ಬಯಲಿರುವ ಕಡೆ ಮಳೆಯಿಲ್ಲ. ಈ ಅಸಮತೆಯನ್ನು ತುಸುಮಟ್ಟಿಗಾದರೂ ಸರಿಪಡಿಸುವ ಕೆಲಸವನ್ನು ಪ್ರಕೃತಿ ಪೂರ್ವಕ್ಕೆ ಹರಿಯುವ ನದಿಗಳಿಗೆ ವಹಿಸಿದೆ. ಕೃಷ್ಣೆ, ತುಂಗಭದ್ರೆ, ಕಾವೇರಿಗಳು ಮಲೆಯ ಮಳೆಯನ್ನು ಬಯಲಿಗೆ ಹೊತ್ತು ತರುತ್ತವೆ.

ಬೆಟ್ಟದ ನೆತ್ತಿಯ ಮೇಲೆ ಒಂದು ಹನಿ ತುಸು ಇತ್ತ ಬಿದ್ದರೆ ಒಂದು ಹಣೆಬರಹ, ತುಸು ಅತ್ತ ಬಿದ್ದರೆ ಇನ್ನೊಂದು. ಶರಾವತಿಯೂ ನಮ್ಮ ವರದೆಯೂ ಶಿವಮೊಗ್ಗ ಜಿಲ್ಲೆಯಲ್ಲಿಯೇ ಹುಟ್ಟಿದವರು. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಜೋಗದಲ್ಲಿ ಧುಮುಕಿ, ಸುಮಾರು 128 ಕಿಲೋಮೀಟರಿನಲ್ಲಿ ತನ್ನ ಬಾಳನ್ನು ಮುಗಿಸಿ ಹೊನ್ನಾವರದ ಕಡಲು ಸೇರುತ್ತಾಳೆ. ಇಕ್ಕೇರಿಯ ಬಳಿಯ ವರದಾಮೂಲದಲ್ಲಿ ಹುಟ್ಟಿದ ವರದೆಗಾದರೋ ಅವಸರವಿಲ್ಲ. ಅವಳು ಬನವಾಸಿಯನ್ನು ಬಳಸಿ, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡಿ, ಅವಳೊಡನೆ ಕೃಷ್ಣೆಗೆ ಸೇರಿ, ಆಂಧ್ರದ ಕರಾವಳಿಯಲ್ಲಿ ಬಂಗಾಳ ಕೊಲ್ಲಿಯನ್ನು ಕಾಣುತ್ತಾಳೆ. ಪಶ್ಚಿಮಕ್ಕೆ ಹರಿಯುವ ನದಿಗಳ ಪಾಲಿಗಿರುವುದು ರಾಜ್ಯದ ನೆಲದಲ್ಲಿ ಏಳೆಂಟನೆಯ ಒಂದು ಭಾಗ ಮಾತ್ರ. ಆದರೆ ನಾಡಿನ ನದಿನೀರಿನಲ್ಲಿ ಅರ್ಧಕ್ಕೂ ಹೆಚ್ಚು ಅವುಗಳದು. ಅವಸರದ ಆ ನದಿಗಳು ಬಂದರುಗಳನ್ನು ಬೆಳೆಸಿದವು; ಗೇರುಸೊಪ್ಪೆಯ ಮೆಣಸು ಶರಾವತಿಯ ಮೇಲೆ ಕಡಲಿಗಿಳಿಯಿತು. ನಿಧಾನದ ನದಿಗಳು ರಾಜಧಾನಿಗಳನ್ನು ಬೆಳೆಸಿದವು.

ಕದಂಬರ ಬನವಾಸಿ ವರದೆಯ ದಂಡೆಯದು. ತಲಕಾಡಿನ ಗಂಗರು ಕಾವೇರಿಯವರು. ಬಾದಾಮಿಯ ಚಾಲುಕ್ಯರು ಪಟ್ಟದಕಲ್ಲು, ಐಹೊಳೆಗಳನ್ನು ಕಟ್ಟಿದ್ದು ಮಲಪ್ರಭೆಯ ಮಗ್ಗುಲಲ್ಲಿ. ರಾಷ್ಟ್ರಕೂಟರ ಮಾನ್ಯಖೇಟ, ಇಂದಿನ ಮಳಖೇಡ, ಭೀಮೆಯ ಉಪನದಿಯಾದ ಕಾಗಿಣೆಯ ದಡದ್ದು. ವಿಜಯನಗರಕ್ಕೆ ತುಂಗಭದ್ರೆ, ಶ್ರೀರಂಗಪಟ್ಟಣಕ್ಕೆ ಮತ್ತೆ ಕಾವೇರಿ. ಇವುಗಳಲ್ಲಿ ಎಷ್ಟು ನದಿಗಳ ಹೆಸರು ಅಜ್ಜಿಯ ಸ್ನಾನದ ಪಟ್ಟಿಯಲ್ಲಿದೆ? ಕಾವೇರಿ ಒಂದೇ. ವರದೆ, ಮಲಪ್ರಭೆ, ಕಾಗಿಣೆಗಳನ್ನು ಬೇರೆ ಸೀಮೆಯವರು ಕೇಳಿಯೂ ಇರಲಾರರು. ಸಾಮ್ರಾಜ್ಯಗಳು ಹುಟ್ಟಿದ್ದು ಇಂಥ ಮನೆಮಾತಿನ ಹೊಳೆಗಳ ದಂಡೆಯಲ್ಲಿ.

ಆದರೆ ಆ ಸಾಮ್ರಾಟರ ಕಣ್ಣು ಮಾತ್ರ ದೂರದ ನದಿಗಳ ಮೇಲಿತ್ತು. ಇಮ್ಮಡಿ ಪುಲಕೇಶಿ ಉತ್ತರದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ್ದು ನರ್ಮದೆಯ ಕಡೆಯಲ್ಲಿ. ಹರ್ಷನ ಆ ಸೋಲಿನ ಮಾತು 634ರ ಐಹೊಳೆಯ ಶಾಸನದಲ್ಲಿದೆ. ರಾಷ್ಟ್ರಕೂಟ ಧ್ರುವನು ಎಂಟನೆಯ ಶತಮಾನದ ಕೊನೆಯಲ್ಲಿ ಗಂಗಾ ಯಮುನೆಗಳ ನಡುವಣ ನೆಲದವರೆಗೂ ದಂಡೆತ್ತಿ ಹೋದನು. ಐಹೊಳೆಯ ದುರ್ಗ ದೇವಾಲಯದ ಬಾಗಿಲವಾಡವನ್ನು ನೋಡಿದವರಿಗೆ ಅಲ್ಲಿನ ಎರಡು ನದೀದೇವತೆಗಳ ನೆನಪಿದ್ದೀತು. ಮೊಸಳೆಯ ಮೇಲೆ ಗಂಗೆ, ಆಮೆಯ ಮೇಲೆ ಯಮುನೆ. ನಾನು ಮೊದಲ ಸಲ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋದಾಗ, ಮಲಪ್ರಭೆಯ ವಿಗ್ರಹವೂ ಎಲ್ಲಾದರೂ ಇದ್ದೀತೆಂದು ಗುಡಿಯಿಂದ ಗುಡಿಗೆ ಹುಡುಕಿದೆ. ಎಲ್ಲಿಯೂ ಕಾಣಲಿಲ್ಲ. ದಣಿದು ಹೊರಗೆ ಬಂದು ಕುಳಿತಾಗ ಅಜ್ಜಿಯ ಮಾತು ನೆನಪಾಯಿತು. ಊರ ಹೆಂಗಸರು ಆ ಹೊಳೆಯಲ್ಲಿಯೇ ಬಟ್ಟೆ ಒಗೆಯುತ್ತಿದ್ದರು. ಶಿಲ್ಪಿಯೂ ಅಲ್ಲಿಯೇ ಕೈಕಾಲು ತೊಳೆದು ಬಂದು ಗಂಗೆಯನ್ನು ಕಡೆದಿದ್ದಾನು. ಮಗ್ಗುಲಲ್ಲಿದ್ದವಳನ್ನು ಅವನು ಕರೆಯಬೇಕಾಗಿರಲಿಲ್ಲ.

ಕನ್ನಡನಾಡು ತನ್ನನ್ನು ತಾನು ಹೇಗೆ ಗುರುತಿಸಿಕೊಂಡಿತು ಎಂಬುದನ್ನೂ ಇಲ್ಲಿಯೇ ನೋಡಬೇಕು. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥವಾದ 'ಕವಿರಾಜಮಾರ್ಗ' ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರಲ್ಲಿ ರಚಿತವಾದದ್ದು. ಅದು ನಾಡಿನ ಮೇರೆಯನ್ನು ಹೇಳುವಾಗ ಕೋಟೆಯನ್ನಾಗಲಿ ಬೆಟ್ಟವನ್ನಾಗಲಿ ಅರಸನ ಹೆಸರನ್ನಾಗಲಿ ಹಿಡಿಯಲಿಲ್ಲ. ಎರಡು ನದಿಗಳನ್ನು ಹಿಡಿಯಿತು. ದಕ್ಷಿಣಕ್ಕೆ ಕಾವೇರಿ, ಉತ್ತರಕ್ಕೆ ಗೋದಾವರಿ. ಎರಡೂ ಸ್ನಾನದ ಪಟ್ಟಿಯ ನದಿಗಳು. ಆದರೆ ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಅದೇ ಗ್ರಂಥ ಕಿಸುವೊಳಲು, ಕೊಪಣ ಮೊದಲಾದ ನಾಲ್ಕು ಊರುಗಳ ನಡುವಣ ನೆಲವನ್ನು ತೋರಿಸುತ್ತದೆ. ಕಿಸುವೊಳಲೆಂದರೆ ನಮ್ಮ ಪಟ್ಟದಕಲ್ಲು, ಮಲಪ್ರಭೆಯ ಊರು. ಕೊಪಣವೆಂದರೆ ತುಂಗಭದ್ರೆಯ ಸೀಮೆಯ ಕೊಪ್ಪಳ. ಮೇರೆಗೆ ಹೆಸರಾಂತ ನದಿಗಳು, ಒಡಲಿಗೆ ಮನೆಯ ಹೊಳೆಗಳು. ಸಾವಿರದ ನೂರೈವತ್ತು ವರ್ಷಗಳಿಗೂ ಹಿಂದಿನ ಈ ಭೂಪಟದಲ್ಲಿ ನನಗೆ ಕಾಣುವುದು ಅಜ್ಜಿಯ ವಿವೇಕವೇ.

ಇಂದಿನ ಕರ್ನಾಟಕಕ್ಕೆ ಗೋದಾವರಿ ದಕ್ಕಿಲ್ಲ. ಆದರೂ ಬೀದರ ಜಿಲ್ಲೆಯಲ್ಲಿ ಹರಿಯುವ ಮಾಂಜರಾ ನದಿ ಗೋದಾವರಿಯ ಉಪನದಿ. ಆ ಹಳೆಯ ಗಡಿಯ ಒಂದು ಎಳೆ ಇನ್ನೂ ನಮ್ಮ ಕೈಯಲ್ಲಿದೆಯೆಂದು ನಾನು ತರಗತಿಯಲ್ಲಿ ಹೇಳಿದಾಗ ಹುಡುಗರ ಮುಖ ಅರಳುತ್ತಿತ್ತು.

ನದಿಗೂ ನಮ್ಮ ಮಾತಿಗೂ ಇರುವ ನಂಟಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಎರಡು ಹೊಳೆಗಳು ಕೂಡುವ ಜಾಗಕ್ಕೆ ಕನ್ನಡದಲ್ಲಿ 'ಕೂಡಲಿ', 'ಕೂಡಲ' ಎಂಬ ಸೊಗಸಾದ ಮಾತಿದೆ. ತುಂಗೆ ಮತ್ತು ಭದ್ರೆ ಕೂಡುವ ಊರು ಕೂಡಲಿ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಊರು ಕೂಡಲಸಂಗಮ. ಹನ್ನೆರಡನೆಯ ಶತಮಾನದ ಬಸವಣ್ಣನವರು ಅಲ್ಲಿನ ದೇವರ ಹೆಸರನ್ನೇ ತಮ್ಮ ವಚನಗಳ ಅಂಕಿತವಾಗಿ ಮಾಡಿಕೊಂಡರು. ತೀರ್ಥಸ್ನಾನದಿಂದ ಪುಣ್ಯ ಬರುತ್ತದೆಂಬ ನಂಬಿಕೆಯನ್ನು ಅವರಷ್ಟು ಕಟುವಾಗಿ ಪ್ರಶ್ನಿಸಿದವರು ಕಡಮೆ. ಆದರೂ ಅವರ ವಚನಗಳ ಕೊನೆಯಲ್ಲಿ ನೀರೂ ನೀರೂ ಕೂಡುವ ಸದ್ದಿದೆ. ಇದು ವಿರೋಧವಲ್ಲವೆಂದು ನನ್ನ ಎಣಿಕೆ. ಅವರು ಒಪ್ಪದೆ ಇದ್ದದ್ದು ನದಿಯನ್ನು ಪುಣ್ಯದ ಅಂಗಡಿಯಾಗಿ ಕಾಣುವುದನ್ನು. ಉಳಿಸಿಕೊಂಡದ್ದು ಬಾಲ್ಯದಿಂದ ಬಲ್ಲ ನದಿಯ ನೆನಪನ್ನು. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಆ ಸಂಗಮವನ್ನು ಆವರಿಸಿದಾಗ, ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂಥ ಗೋಡೆ ಕಟ್ಟಿ ಅದನ್ನು ಉಳಿಸಿಕೊಳ್ಳಬೇಕಾಯಿತು. ಇಂದು ಅಲ್ಲಿ ಮೆಟ್ಟಿಲಿಳಿದು ಒಳಗೆ ನಿಂತವರಿಗೆ ಸುತ್ತಲೂ ನೀರಿದೆಯೆಂಬ ಅರಿವಿರುತ್ತದೆ. ಕಣ್ಣಿಗೆ ಕಾಣುವುದು ಗೋಡೆ ಮಾತ್ರ.

ಬಳಕೆಯಿಂದ ಬಲ್ಲ ನದಿಯೆಂದೆನಲ್ಲ, ಆ ಬಲ್ಲತನ ಎಂಥದೆಂಬುದನ್ನು ಹಂಪಿಯಲ್ಲಿ ಕಾಣಬಹುದು. ವಿಜಯನಗರದವರು ತುಂಗಭದ್ರೆಗೆ ತಗ್ಗಾದ ಒಡ್ಡುಗಳನ್ನು ಹಾಕಿ ಕಾಲುವೆಗಳನ್ನು ತೆಗೆದರು. ನಗರ 1565ರಲ್ಲಿ ಹಾಳಾಯಿತು. ಆದರೆ ತುರ್ತು ಕಾಲುವೆ, ಬಸವಣ್ಣ ಕಾಲುವೆಗಳು ಇಂದಿಗೂ ಬಾಳೆಗೂ ಬತ್ತಕ್ಕೂ ನೀರುಣಿಸುತ್ತಿವೆ. ಅರಮನೆಗಿಂತ ಕಾಲುವೆ ಗಟ್ಟಿ. ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಅಲ್ಲಿ ಕಂಡು ಬರೆದಿಟ್ಟ ತೊಗಲು ಹೊದಿಸಿದ ದುಂಡನೆಯ ಬುಟ್ಟಿದೋಣಿ ನಮ್ಮ ಹರಿಗೋಲೇ. ಉತ್ತರ ಕನ್ನಡದ ಅಘನಾಶಿನಿಯ ಅಳಿವೆಗೆ ಹೋದರೆ, ಉಪ್ಪುನೀರಿನಲ್ಲೂ ಬದುಕುವ ಕಗ್ಗ ಎಂಬ ಬತ್ತವನ್ನು ಬೆಳೆಯುವವರಿದ್ದಾರೆ. ಕಡಲು ಉಬ್ಬುವ ಹೊತ್ತು, ಹೊಳೆ ಸಿಹಿಯಾಗುವ ತಿಂಗಳು, ಇವುಗಳ ಲೆಕ್ಕ ಅವರಿಗೆ ಪಂಚಾಂಗಕ್ಕಿಂತ ಚೆನ್ನಾಗಿ ಗೊತ್ತು. ನಮ್ಮೂರಿನಲ್ಲಿ ಬೇಸಗೆಯಲ್ಲಿ ವರದೆ ಸೊರಗಿದಾಗ ನಾವು ಹುಡುಗರು ಮರಳಿನಲ್ಲಿ ಒರತೆ ತೆಗೆಯುತ್ತಿದ್ದೆವು. ಎಲ್ಲಿ ಅಗೆದರೆ ಎರಡು ಮೊಳಕ್ಕೆ ನೀರು ಸಿಗುತ್ತದೆಂದು ಊರಿನ ಪ್ರತಿ ಹುಡುಗನಿಗೂ ತಿಳಿದಿತ್ತು. ಈಗ ಆ ಮರಳೇ ಇಲ್ಲ. ಲಾರಿಗಳಲ್ಲಿ ಊರು ಬಿಟ್ಟು ಹೋಗಿದೆ.

ಇಪ್ಪತ್ತನೆಯ ಶತಮಾನ ನದಿಯನ್ನು ಕಾಣುವ ಬಗೆಯನ್ನೇ ಬದಲಿಸಿತು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಹತ್ತಿರದ ನದಿ ದೂರದ ಊರಿಗೆ ಕೆಲಸ ಮಾಡತೊಡಗಿದ್ದು ಅಲ್ಲಿಂದ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ಮಂಡ್ಯದ ಬಯಲಿಗೆ ಬೆಳೆಯನ್ನೂ ಬಾಳನ್ನೂ ಕೊಟ್ಟಿತು. ಅದನ್ನು ಮರೆತು ಮಾತಾಡುವುದು ಕೃತಘ್ನತೆ. ಆದರೆ ಪ್ರತಿ ಕಟ್ಟೆಯ ಕೆಳಗೆ ಹಸುರು ಕಾಣುವಂತೆ, ಪ್ರತಿ ಕಟ್ಟೆಯ ಮೇಲೆ ಮುಳುಗಿದ ಊರುಗಳೂ ಇವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಮನೆಗಳೂ ಅಡಕೆ ತೋಟಗಳೂ ನೀರಿನ ಪಾಲಾದವು. ನಾಡಿಗೆಲ್ಲ ಬೆಳಕು ಕೊಟ್ಟ ಆ ನೀರು, ದಡದಲ್ಲೇ ಉಳಿದ ತುಮರಿಯ ಕಡೆಯ ಹಳ್ಳಿಗಳನ್ನು ದ್ವೀಪದಂತೆ ಮಾಡಿತು. ಆಸ್ಪತ್ರೆಗಾಗಲಿ ಶಾಲೆಗಾಗಲಿ ಸಾಗರಕ್ಕೆ ಬರಬೇಕಾದವರು ಲಾಂಚಿಗೆ ಕಾಯುತ್ತ ನಿಂತರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಆರು ದಶಕಗಳು! ಮುಳುಗಡೆಯ ವರ್ಷ ಹುಟ್ಟಿದ ಮಗು ಆ ಹೊತ್ತಿಗೆ ಅಜ್ಜನೋ ಅಜ್ಜಿಯೋ ಆಗಿರಬೇಕು.

ಅಣೆಕಟ್ಟಿಗೂ ಆಯುಷ್ಯವಿದೆಯೆಂಬುದನ್ನು ತುಂಗಭದ್ರೆ ನಮಗೆ ಕಲಿಸಿದಳು. 1953ರಲ್ಲಿ ಪೂರ್ತಿಯಾದಾಗ ಹೊಸಪೇಟೆಯ ಜಲಾಶಯದಲ್ಲಿ 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಆ ಸಾಮರ್ಥ್ಯ ಈಗ 106ಕ್ಕಿಂತ ತುಸು ಕೆಳಗೆ ಇಳಿದಿದೆ. ಮೇಲಿನ ಕಾಡು ಸವೆದ ಮಣ್ಣೆಲ್ಲ ಕೆಳಗಿನ ಕೆರೆಯಲ್ಲಿ ಲೆಕ್ಕಕ್ಕೆ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಅದರ 19ನೆಯ ತೂಬುಬಾಗಿಲು ಕೊಚ್ಚಿಕೊಂಡು ಹೋದಾಗ, ತುಂಬಿದ ಜಲಾಶಯ ಕಣ್ಣೆದುರಿಗೇ ಬರಿದಾಗುವುದೋ ಎಂದು ರೈತರು ಉಸಿರು ಬಿಗಿಹಿಡಿದರು. ಒಂದು ವಾರದಲ್ಲಿ ತಾತ್ಕಾಲಿಕ ಬಾಗಿಲನ್ನಿಳಿಸಿ ನೀರನ್ನು ತಡೆದರು. ಆ ವಾರವಿಡೀ ನನಗೆ ನೆನಪಾದದ್ದು, ಅಲ್ಲಿಯೇ ಕೆಳಗೆ ಬಾಗಿಲಿಲ್ಲದೆ ಸರಪಳಿಯಿಲ್ಲದೆ ಐದು ನೂರು ವರ್ಷ ಹರಿದುಬಂದ ಹಳೆಯ ಕಾಲುವೆಗಳು.

ಇದರೊಡನೆ ನದಿಯ ಭಾಷೆಯೂ ಬದಲಾಯಿತು. ಕಾವೇರಿಯ ವಿಷಯವಾಗಿ ಮೈಸೂರು ಮತ್ತು ಮದರಾಸುಗಳ ನಡುವೆ 1892ರಲ್ಲಿ, ಮತ್ತೆ 1924ರಲ್ಲಿ ಒಪ್ಪಂದಗಳಾದವು. 1990ರಲ್ಲಿ ನ್ಯಾಯಮಂಡಲಿ ಬಂದಿತು. 2007ರಲ್ಲಿ ಅದರ ಅಂತಿಮ ತೀರ್ಪು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ 740 ಟಿ.ಎಂ.ಸಿ. ನೀರಿನಲ್ಲಿ ಕರ್ನಾಟಕಕ್ಕೆ 284.75ನ್ನೂ ತಮಿಳುನಾಡಿಗೆ 404.25ನ್ನೂ ಹಂಚಿತು. ಹಂಚಿಕೆ ಬೇಕು, ನ್ಯಾಯವೂ ಬೇಕು. ಹೊಟ್ಟೆಯ ಪ್ರಶ್ನೆಯನ್ನು ಕವಿತೆಯಿಂದ ಬಗೆಹರಿಸಲಾಗದು. ಆದರೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. 'ಕವಿರಾಜಮಾರ್ಗ'ಕ್ಕೆ ಕಾವೇರಿ ಮೇರೆಯಾಗಿದ್ದಳು. ಮೇರೆಯೆಂದರೆ ಎರಡು ದಡದವರೂ ನೀರು ಮುಟ್ಟುವ ಜಾಗ. ನಮ್ಮ ಕಾಲದಲ್ಲಿ ಅವಳು ಅಂಕಿಯಾದಳು. ಅಂಕಿಗೆ ದಡವಿಲ್ಲ. ಕಡಮೆ ಮಳೆಯ ವರ್ಷದಲ್ಲಿ ಅವಳ ಹೆಸರೆತ್ತಿ ಬೀದಿಗಿಳಿಯುವ ನಾವು, ಮಳೆ ಬಂದ ವರ್ಷದಲ್ಲಿ ಅವಳ ಯೋಗಕ್ಷೇಮವನ್ನು ಕೇಳುವುದಿಲ್ಲ.

ಈ ಮಾತನ್ನು ನಾನು ಇತರರನ್ನು ಕುರಿತು ಹೇಳುತ್ತಿಲ್ಲ. ನಿವೃತ್ತನಾದ ಮೇಲೆ ನಾನು ಬೆಂಗಳೂರಿನ ಬಸವನಗುಡಿಯ ಕಡೆ ಮಗನ ಮನೆಯಲ್ಲಿದ್ದೇನೆ. ಬೆಳಗ್ಗೆ ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಕಾವೇರಿಯ ನೀರು. 1974ರಿಂದ ಈ ನಗರಕ್ಕೆ ಅವಳನ್ನು ಸುಮಾರು ನೂರು ಕಿಲೋಮೀಟರು ದೂರದಿಂದ, ಮೂರು ಹಂತಗಳಲ್ಲಿ ಪಂಪು ಮಾಡಿ, ಸುಮಾರು ಐದು ನೂರು ಮೀಟರು ಎತ್ತರಕ್ಕೆ ಏರಿಸಿ ತರುತ್ತಿದ್ದಾರೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತದ ಯೋಜನೆಯೂ ಆರಂಭವಾಗಿ, ದಿನಕ್ಕೆ ಇನ್ನೂ 77.5 ಕೋಟಿ ಲೀಟರು ತರುವ ಏರ್ಪಾಡಾಯಿತು. ಅಜ್ಜಿ ವರದೆಯಲ್ಲಿ ನಿಂತು ಕರೆಯುತ್ತಿದ್ದ ಏಳು ನದಿಗಳಲ್ಲಿ ಒಂದು, ಕರೆಯದೆಯೇ ನನ್ನ ಬಕೆಟ್ಟಿಗೆ ಬಂದು ನಿಂತಿದೆ. ಅವಳಿದ್ದಿದ್ದರೆ ಎಷ್ಟು ಬೆರಗಾಗುತ್ತಿದ್ದಳೋ!

ಹಾಗಾದರೆ ಆ ನೀರು ಬಚ್ಚಲಿನಿಂದ ಎಲ್ಲಿಗೆ ಹೋಗುತ್ತದೆ? ಅರುವತ್ತು ದಾಟುವವರೆಗೂ ಈ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ. ಬಸವನಗುಡಿಯ ದೊಡ್ಡ ಬಸವನ ಪಾದದಡಿಯಲ್ಲಿ ಒಂದು ಹೊಳೆ ಹುಟ್ಟುತ್ತದೆಂಬ ಐತಿಹ್ಯವಿದೆ. ಆದುದರಿಂದಲೇ ಅವಳ ಹೆಸರು ವೃಷಭಾವತಿ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಅವಳ ದಂಡೆಯದೇ. ಕೆಂಗೇರಿಯನ್ನು ದಾಟಿ ಅವಳು ಅರ್ಕಾವತಿಯನ್ನು ಸೇರುತ್ತಾಳೆ; ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತಾಳೆ. ನಗರದ ಪಶ್ಚಿಮ ಭಾಗದ ಕೊಳೆಯೆಲ್ಲ, ಶುದ್ಧೀಕರಿಸಿದ್ದೂ ಶುದ್ಧೀಕರಿಸದ್ದೂ ಸೇರಿ, ಇಳಿಯುವುದು ಇವಳ ಮಡಿಲಿಗೆ. ಮೇಲ್ಗಡೆ ಎತ್ತಿಕೊಂಡ ಕಾವೇರಿಯನ್ನೇ ನಾವು ಕೆಳಗಡೆ ಅವಳಿಗೆ ಹಿಂತಿರುಗಿಸುತ್ತೇವೆ. ಎಂಥ ರೂಪದಲ್ಲಿ ಎಂಬುದು ಮಾತ್ರ ಹೇಳಲು ನಾಚಿಕೆಯಾಗುವ ಸಂಗತಿ.

ಕಳೆದ ವರ್ಷ ಮೊಮ್ಮಗನೊಡನೆ ಬಸ್ಸಿನಲ್ಲಿ ಕೆಂಗೇರಿಯ ಕಡೆ ಹೋಗುತ್ತಿದ್ದೆ. ಅವನು ಮೂಗು ಮುಚ್ಚಿಕೊಂಡು, "ತಾತಾ, ಮೋರಿ ಬಂತು" ಎಂದ. "ಅದು ಮೋರಿಯಲ್ಲಪ್ಪ, ವೃಷಭಾವತಿ ನದಿ" ಎಂದೆ. ಅವನು ಕಿಟಕಿಯಿಂದ ಒಮ್ಮೆ ನೋಡಿ, ನನ್ನ ಮುಖವನ್ನೂ ನೋಡಿ, "ಇದಕ್ಕೂ ಹೆಸರಿದೆಯಾ?" ಎಂದು ಕೇಳಿದ. ನಾನೂ ನಮ್ಮೂರಿನ ನದಿಯನ್ನು ಅವನ ವಯಸ್ಸಿನಲ್ಲಿ ಹೆಸರಿನಿಂದ ಕರೆದವನಲ್ಲ. ನಮಗೆ ಅವಳು ಬರಿಯ 'ಹೊಳೆ'. ಆದರೆ 'ಹೊಳೆ' ಎಂಬಲ್ಲಿ ಹೆಸರಿಗೂ ಮೀರಿದ ಸಲಿಗೆಯಿತ್ತು. 'ಮೋರಿ' ಎಂಬಲ್ಲಿ ಇರುವುದೇನು? ಒಂದು ನದಿ ಸಾಯುವುದಕ್ಕೆ ಮೊದಲು ಅದರ ಹೆಸರು ಸಾಯುತ್ತದೆಯೆಂದು ಆ ದಿನ ಕಂಡುಕೊಂಡೆ.

ನದಿಗಳಿಂದ ತನ್ನ ಗುರುತು ಹೇಳಿಕೊಂಡ ನಾಡಿನವರು ನಾವು. ಕೇಳುಗರಾದ ನಿಮ್ಮಲ್ಲಿ ನನ್ನದೊಂದು ಪ್ರಾರ್ಥನೆಯಿದೆ. ನಿಮ್ಮ ಮನೆಗೆ ನೀರು ಯಾವ ನದಿಯಿಂದ ಬರುತ್ತದೆಂಬುದು ನಿಮಗೆ ಗೊತ್ತಿದ್ದೀತು. ಬಚ್ಚಲಿನಿಂದ ಹೊರಟು ಅದು ಯಾವ ನದಿಗೆ ಸೇರುತ್ತದೆಂಬುದನ್ನು ಒಮ್ಮೆ ವಿಚಾರಿಸಿ ನೋಡಿ. ಉತ್ತರ ಸಿಕ್ಕಿದರೆ ಮನೆಯ ಮಕ್ಕಳಿಗೂ ಹೇಳಿ.

ನಾನೀಗ ಸ್ನಾನದ ಹೊತ್ತಿನಲ್ಲಿ ಅಜ್ಜಿಯ ಏಳು ಹೆಸರುಗಳಿಗೆ ಎಂಟನೆಯದೊಂದನ್ನು ಸೇರಿಸಿಕೊಂಡಿದ್ದೇನೆ. ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗುವುದಿಲ್ಲವೆಂದು ಬಲ್ಲೆ. ಅದಕ್ಕೆ ಹಣ ಬೇಕು, ಯಂತ್ರ ಬೇಕು, ಕಾನೂನು ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಬೇಕೆನ್ನುವ ಜನ ಬೇಕು. ಆದರೆ ಹೆಸರೇ ಗೊತ್ತಿಲ್ಲದವಳನ್ನು ಬೇಕೆನ್ನುವವರು ಯಾರು? ಅಜ್ಜಿಯ ನಿಯಮವನ್ನು ನಾನು ಮುರಿದಿಲ್ಲವೆಂದೇ ನನ್ನ ನಂಬಿಕೆ. ದೂರವಿದ್ದವರನ್ನು ಕರೆಯಬೇಕೆಂದಳಲ್ಲ ಅವಳು. ನನ್ನ ಮನೆಯಿಂದ ಕಾಲುನಡಗೆಯ ದಾರಿಯಲ್ಲಿ ಹುಟ್ಟುವ ವೃಷಭಾವತಿಗಿಂತ ಇಂದು ನಮಗೆ ದೂರವಾದ ನದಿ ಇನ್ನೊಂದಿಲ್ಲ.